ಭತ್ತದ ಗಿರಣಿಯ ಬಾಗಿಲಲ್ಲಿ

ಮೂಡಲಗಿ,
೧೮-೧-೧೯೫೮

ಚಿ. ಸೌ. ಪದ್ಮವ್ವಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಪತ್ರ ತಡವಾಯಿತು. ಸುಗ್ಗಿಯ ಗದ್ದಲ ಎಂದು ಬರೆಯಬಹುದು. ಖರೆ ಅಂದರೆ ಕೈಯೇ ಏಳಲಿಲ್ಲ. ಹೋದ ವಾರ ನಿಮ್ಮ ಘೋಡಗೇರಿಯಿಂದ ಭತ್ತ ತಂದ ಸತ್ತೆಪ್ಪನನ್ನು ಅಂಗಳಕ್ಕೆ ಕರೆದು ನಿನ್ನನ್ನು ವಿಚಾರಿಸಿದೆ. "ನನಗ ತವರಮನಿ ಇಲ್ಲ ಅಂತಾಳ್ರಿ ನಿಮ್ಮ ಮಗಳು" ಎಂದ. ಎರಡೆರಡು ಸಲ ಹೇಳಿಸಿಕೊಂಡೆ. ನಿನ್ನವ್ವ ಹೋದ ಮೇಲೆ ನಿನ್ನ ತಲೆ ಬಾಚಿ ಹೆರಳು ಹಾಕಿದವನು ನಾನು. ಎಂಥ ಮಾತಾಡಿದೆ ತಾಯಿ!

ಇಲ್ಲಿ ಮಾಲಕರು ಹೊಸ ಫ್ಯಾನು ಕೂಡಿಸಿದ್ದಾರೆ. ಭತ್ತ ಸುಲಿಯುವ ಹಲ್ಲರಿನಿಂದ ಬಿದ್ದದ್ದನ್ನು ಊದಿ ಹೊಟ್ಟನ್ನೆಲ್ಲ ಗೋಡೆಯಾಚೆ ಒಗೆಯುತ್ತದೆ. ಮೊರ ಹಿಡಿದು ಕೇರುತ್ತಿದ್ದ ಹೆಂಗಸರಲ್ಲಿ ಅಕ್ಕವ್ವ ಒಬ್ಬಳೇ ಉಳಿದಿದ್ದಾಳೆ. ಹಲ್ಲರು ಬಿಗಿಯಾದರೆ ಅಕ್ಕಿ ನುಚ್ಚಾಗುತ್ತದೆ, ಸಡಿಲಾದರೆ ಭತ್ತ ಹಾಗೇ ಉಳಿಯುತ್ತದೆ. ನಾನು ಮಷೀನಿನ ಮೇಲೆ ಅಂಗೈ ಇಟ್ಟು ತಿರುಪು ತಿರುವುತ್ತೇನೆ. "ಲಗಮಣ್ಣನ ಕೈಯಾಗ ನುಚ್ಚ ಬೀಳೂದಿಲ್ಲ" ಎನ್ನುತ್ತಾರೆ ಮಾಲಕರು. ನುಚ್ಚು ಬೀಳದಿದ್ದರೇನು ಬಂತು!

ದೀವಳಿಗೆಗೆ ತವರಿಗೆ ಬಂದಿದ್ದ ನೀನು ಹಬ್ಬ ಮುಗಿದ ಮೇಲೆ ಗಂಟು ಹಿಡಿದು ಗಿರಣಿಯ ಬಾಗಿಲಿಗೆ ಬಂದಿದ್ದೆ. ಹಲ್ಲರು ನಡೆದಿತ್ತು, ಅಕ್ಕವ್ವ ನಿನ್ನ ಪಕ್ಕದಲ್ಲೇ ಕೇರುತ್ತಿದ್ದಳು. ನೀನು ಏನೋ ಹೇಳಿದೆ. ನಾನು ನಕ್ಕು "ಆತು ಯವ್ವಾ, ಹೋಗಿ ಬಾ" ಎಂದೆ. ನೀನು ತಿರುಗಿ ನೋಡದೆ ಹೋದೆ. ಬಸ್ಸಿಗೆ ಹೊತ್ತಾಗಿರಬೇಕು ಅಂದುಕೊಂಡೆ.

ನಿನ್ನೆ ಸತ್ತೆಪ್ಪನ ಮಾತು ಹೇಳಿಕೊಂಡು ಅತ್ತಾಗ ಅಕ್ಕವ್ವ ನನ್ನ ಕಿವಿಗೆ ಬಾಯಿ ಹಚ್ಚಿ ಬೈದಳು: "ಗಂಡ ಹೊಡೀತಾನ, ಅಲ್ಲಿ ಇರಾಕ ಆಗೂದಿಲ್ಲಪಾ, ಮನಿಗೆ ಬರತೀನಿ ಅಂತ ಹುಡುಗಿ ಅಂತು. ನೀ ನಕ್ಕೋತ ಹೋಗಿ ಬಾ ಅಂದಿ. ಎಂಥಾ ಅಪ್ಪೋ ನೀ!"

ಆಣೆ ಮಾಡಿ ಹೇಳುತ್ತೇನೆ, ನಾನು ಅಂದದ್ದು ಆ ಮಾತಿಗಲ್ಲ. ಈ ಪತ್ರವನ್ನು ಇವತ್ತು ಮತ್ತೆ ಭತ್ತ ತಂದ ಸತ್ತೆಪ್ಪನ ಕೈಯಲ್ಲೇ ಕಳಿಸಿದ್ದೇನೆ. ಸೋಮವಾರ ಅವನ ಗಾಡಿ ಇಲ್ಲಿಗೆ ಬರುತ್ತದೆ. ಹತ್ತಿಬಿಡು. ಅಳಿಯನಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ. ನಮ್ಮ ದೇವಿ ಲಗಮವ್ವ ಅಲ್ಲಿಯತನಕ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಲಗಮಣ್ಣ

ತಾ. ಕ.: ನನಗೆ ಕಿವಿ ಕೇಳುವುದಿಲ್ಲ ಪದ್ಮಾ. ಹಲ್ಲರಿನ ಸದ್ದು ತಿಂದುಹಾಕಿತು. ಮಾಲಕರಿಗೆ ಗೊತ್ತಾದರೆ ಕೆಲಸ ಬಿಡಿಸುತ್ತಾರೆಂದು ನಿನ್ನಿಂದಲೂ ಮುಚ್ಚಿಟ್ಟೆ. ಎಲ್ಲರ ತುಟಿ ನೋಡಿ ಅಂದಾಜಿನ ಮೇಲೆ ಉತ್ತರ ಕೊಡುತ್ತೇನೆ. ಆ ದಿನ ನಿನ್ನ ತುಟಿಯಲ್ಲಿ "ಬರತೀನಿ" ಎಂಬುದೊಂದೇ ತಿಳಿಯಿತು. ಹೋಗುವವರೆಲ್ಲ ಅದನ್ನೇ ಅನ್ನುತ್ತಾರಲ್ಲ. ನೀನೂ ಹೊರಟಿದ್ದೀ ಅಂದುಕೊಂಡೆನೇ ಯವ್ವಾ.