ನೆರಳರಸನ ಮೂರನೆಯ ಉತ್ತರ

ನವೆಂಬರ್ 12, ಬುಧವಾರ

ಪ್ರೀತಿಯ ಅರಗಿಣಿ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆ ಎತ್ತರದ ಕುರ್ಚಿ ಬಿಟ್ಟು ಬೇರೆ ತೆಗೆದುಕೋ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಶಾಲೆಯಲ್ಲಿ ನಿನಗೆ ಅರಗಿಣಿ ಎಂದು ಹೆಸರಿಟ್ಟ ಟೀಚರ್ ಸುಮ್ಮನೆ ಇಟ್ಟವರಲ್ಲ. ನಿನಗೆ ಹೇಳಿ ಗೊತ್ತೇ ಹೊರತು ಕೇಳಿ ಗೊತ್ತಿಲ್ಲ.

ತಡವಾದದ್ದಕ್ಕೆ ಕ್ಷಮಿಸು. ನಿನ್ನ 'ನೆರಳರಸ'ದ ಕೊನೆಯ ಸಂಪುಟದ ಕರಡು ನನ್ನ ಮೇಜಿಗೆ ಬಂದು ಇಪ್ಪತ್ತಮೂರು ದಿನವಾಯಿತು. ಹತ್ತೇ ದಿನದಲ್ಲಿ ತಿದ್ದಿ ಮುಗಿಸುವವಳು ನಾನು, ಅದು ನಿನಗೂ ಗೊತ್ತು. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಮೈಗೆ ಹುಷಾರಿಲ್ಲ ಎಂದು ಮ್ಯಾನೇಜರ್ ಕೈಲಿ ಹೇಳಿಸಿದ್ದು ಸುಳ್ಳು. ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ದನಿ ಕೇಳಿದರೆ ಕರಗಿಬಿಡುತ್ತೇನೆ ಎಂದು ಹೆದರಿ ಕಾಗದ ಹಿಡಿದು ಕೂತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ಕೊನೆಯ ಅಧ್ಯಾಯವನ್ನು ನೀನು ಬದಲಾಯಿಸಬೇಕು. ಯಾಕೆ ಎಂಬುದನ್ನು ಪೂರ್ತಿ ಓದು, ಆಮೇಲೆ ಎಷ್ಟು ಬೇಕಾದರೂ ಬೈ.

ಇಲ್ಲಿ ಹೊಸದೇನೂ ಇಲ್ಲ. ಕರಡು ತಿದ್ದುವ ಕೋಣೆಗೆ ದೊಡ್ಡ ದೀಪ ಹಾಕಿಸಿದ್ದಾರೆ. ಅಕ್ಷರದ ತಪ್ಪು ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ, ಜೊತೆಗೆ ನನ್ನ ಬಿಳಿಕೂದಲೂ. ಪುಟ ಜೋಡಿಸುತ್ತಿದ್ದ ಅಣ್ಣ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ, ಮಧ್ಯಾಹ್ನ ಡಬ್ಬಿ ತೆರೆದರೆ ಎದುರಿಗೆ ಅವರ ಖಾಲಿ ಕುರ್ಚಿ. ಮನೆಯಲ್ಲೂ ಅದೇ ಕಥೆ. ಭಾನುವಾರ ಇಡೀ ದಿನ ನನ್ನ ಗಂಟಲಿಗೆ ಕೆಲಸವಿರುವುದಿಲ್ಲ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಟಿಕೆಟ್ ಕೇಳಲು ಹೋದರೆ ದನಿಯೇ ಹೊರಡುವುದಿಲ್ಲ, ಕೆಮ್ಮಿ ಸರಿಮಾಡಿಕೊಳ್ಳಬೇಕು. ಗಂಡನ ಮನೆ ಬಿಟ್ಟು ಐದು ವರ್ಷವಾಯಿತು, ಈ ಒಂಟಿ ಕೋಣೆ ಹುಡುಕಿಕೊಟ್ಟವಳೂ ನೀನೇ. ವಾರಕ್ಕೊಮ್ಮೆ ಫೋನ್ ಮಾಡಿ, ಎಲ್ಲದಕ್ಕೂ ಕೊಕ್ಕೆ ಹಾಕುವವಳೆಂದು ನೀನಿಟ್ಟ ಹೆಸರು ಹಿಡಿದು 'ಏನೇ ಕೊಕ್ಕೆ, ಇನ್ನೂ ಬದುಕಿದ್ದೀಯಾ' ಎಂದು ಕೇಳುವವಳು ನೀನೊಬ್ಬಳೇ. ಈ ಕಾಗದ ಓದಿದ ಮೇಲೆ ಅದೂ ನಿಂತರೆ ನನಗೆ ಇನ್ಯಾರೂ ಇಲ್ಲ. ಅದಕ್ಕೇ ಇಪ್ಪತ್ತಮೂರು ದಿನ ಬೇಕಾಯಿತು.

ಇನ್ನು ವಿಷಯ. ನಿನಗೆ ಗೊತ್ತಿರುವುದನ್ನೇ ಕೊಂಚ ಹೇಳುತ್ತೇನೆ, ಸಹಿಸಿಕೋ. ತಪ್ಪು ನಡೆದದ್ದು ಅಲ್ಲೇ.

ಪ್ರತಿ ಸಂಪುಟದ ಹಿಂಬದಿಯಲ್ಲಿ 'ನೆರಳರಸನಿಗೆ ಬರೆಯಿರಿ, ತನ್ನ ಕೈಯಾರೆ ಉತ್ತರಿಸುತ್ತಾನೆ' ಎಂದು ಹಾಕಿಸಿದವಳು ನೀನು. ಹನ್ನೊಂದು ವರ್ಷದಿಂದ ಆ ಕೈ ನನ್ನದು. ನೀನು ಏಳು ಉತ್ತರ ಬರೆದುಕೊಟ್ಟೆ. ಹೊಗಳಿದವರಿಗೆ ಒಂದನೆಯದು, ಬೈದವರಿಗೆ ಎರಡನೆಯದು, ಪ್ರೀತಿಯಲ್ಲಿ ನೊಂದವರಿಗೆ ಮೂರನೆಯದು, ಹೀಗೆ. ನಾನು ಕಾಗದದ ಮೊದಲ ನಾಲ್ಕು ಸಾಲು ಓದುವುದು, ಮೂಲೆಯಲ್ಲಿ ನಂಬರ್ ಹಾಕುವುದು, ನೀಲಿ ಶಾಯಿಯಲ್ಲಿ ನಕಲು ಮಾಡಿ ಹಕ್ಕಿಯ ಮುದ್ರೆ ಒತ್ತುವುದು. ಶುಕ್ರವಾರ ಒಂದೇ ಸಮನೆ ಕೂತು ಅರವತ್ತು ಕಾಗದ ಮುಗಿಸಿದ್ದುಂಟು. ರೆಕ್ಕೆಯಿರುವ, ನದಿ ನಿಲ್ಲಿಸುವ, ಸಾವಿರ ವರ್ಷದ ಗಂಡಸು ನಾನು ಎಂದು ನಾವಿಬ್ಬರೂ ಎಷ್ಟು ನಕ್ಕಿಲ್ಲ!

ಜುಲೈನಲ್ಲಿ ಒಬ್ಬ ಹೆಂಗಸಿನ ಕಾಗದ ಬಂದಿತ್ತು. ಮನೆಯಲ್ಲೇ ಕೂತು ಅಂಗಿಗಳ ಕಾಲರ್ ಹೊಲಿದುಕೊಡುವವಳು. ಬಟ್ಟೆ ತರುವುದೂ ಹೊಲಿದದ್ದನ್ನು ಒಯ್ಯುವುದೂ ಗಂಡನೇ. ಮೊದಲ ನಾಲ್ಕು ಸಾಲಿನಲ್ಲಿ, ನಿಮ್ಮ ಕಥೆ ಓದಿ ಅತ್ತುಬಿಟ್ಟೆ, ನನ್ನ ಪ್ರೀತಿಯೂ ಕಷ್ಟದ್ದೇ ಎಂದು ಬರೆದಿದ್ದಳು. ನಾನು ಮೂರು ಎಂದು ಹಾಕಿದೆ. ಪುಟ ತಿರುಗಿಸಲಿಲ್ಲ. ಮೂರನೆಯ ಉತ್ತರ ನಿನಗೆ ಬಾಯಿಪಾಠ, ಆದರೂ ಬರೆಯುತ್ತೇನೆ: 'ಯಾರು ಬಿಗಿಯಾಗಿ ಬಾಗಿಲು ಹಾಕುತ್ತಾರೋ ಅವರ ಎದೆಯಲ್ಲಿ ಬಿಗಿಯಾದ ಪ್ರೀತಿಯಿದೆ. ಕಾದಿರು. ಗೋಪುರದ ಸೆರೆಯಲ್ಲಿ ನಲವತ್ತು ಹಗಲು ಕಾದ ರಾಣಿಯ ಮುಂದೆ ನಾನೇ ಅತ್ತಿದ್ದೇನೆ.'

ಸೆಪ್ಟೆಂಬರ್‌ನಲ್ಲಿ ಅವಳ ಎರಡನೆಯ ಕಾಗದ ಬಂತು. ಪುಟ್ಟದು, ನಾಲ್ಕೇ ಸಾಲು, ಹಾಗಾಗಿ ಪೂರ್ತಿ ಓದಿದೆ. 'ನೀವು ಹೇಳಿದ ಹಾಗೆ ಕಾಯುತ್ತಿದ್ದೇನೆ. ಪಕ್ಕದ ಮನೆ ಅಜ್ಜಿಯ ಕೈಲಿ ಗುಟ್ಟಾಗಿ ಮಾಡಿಸಿಟ್ಟುಕೊಂಡಿದ್ದ ಇನ್ನೊಂದು ಬೀಗದ ಕೈಯನ್ನು ಅವರಿಗೇ ಕೊಟ್ಟುಬಿಟ್ಟೆ. ಇನ್ನು ನನ್ನ ಮನಸ್ಸಿನಲ್ಲಿ ಕಳ್ಳತನವಿಲ್ಲ. ಈ ಕಾಗದವನ್ನೂ ಆ ಅಜ್ಜಿಯೇ ಕಿಟಕಿಯಿಂದ ತೆಗೆದುಕೊಂಡು ಅಂಚೆಗೆ ಹಾಕುತ್ತಿದ್ದಾರೆ.'

ಬೀರುವಿನಿಂದ ಜುಲೈನ ಕಟ್ಟು ಇಳಿಸಿ ಅವಳ ಮೊದಲ ಕಾಗದ ಹುಡುಕಿ ಪುಟ ತಿರುಗಿಸಿದೆ. ಕೆಲಸಕ್ಕೆ ಹೋಗುವಾಗ ಅವನು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನಂತೆ. ಎರಡು ವರ್ಷವಾಗಿದೆ. ನಿಮ್ಮ ರಾಣಿ ನಲವತ್ತು ದಿನ ಕಾದಳು, ನಾನು ಅದಕ್ಕಿಂತ ಜಾಸ್ತಿ ಕಾದೆ, ಇವರು ಇನ್ನೂ ಅತ್ತಿಲ್ಲ, ಕೊನೆಯ ದಿನಗಳಲ್ಲಿ ರಾಣಿ ಏನು ಮಾಡಿದಳು, ನಾನು ಏನು ಮಾಡದೆ ಬಿಟ್ಟಿದ್ದೇನೆ ಎಂದು ಕೇಳಿದ್ದಳು. ಹೋಗಿಬಿಡಲೇ ಎಂದೂ ಕೇಳಿದ್ದಳು. ಆ ಪ್ರಶ್ನೆಗೆ ನಾನು ಕಾದಿರು ಎಂದಿದ್ದೆ, ಹಕ್ಕಿಯ ಮುದ್ರೆ ಒತ್ತಿ.

ಮರುದಿನವೇ ವಿಳಾಸ ಹಿಡಿದು ಹೋದೆ. ಔಷಧಿ ಅಂಗಡಿಯ ಮೇಲೆ ಮೂರನೇ ಮಹಡಿ. ಉದ್ದನೆಯ ಓಣಿಯಂಥ ವರಾಂಡದಲ್ಲಿ ಎಲ್ಲರ ಮನೆ ಮುಂದೆಯೂ ಚಪ್ಪಲಿ, ಅವಳ ಬಾಗಿಲ ಮುಂದೆ ಏನೂ ಇಲ್ಲ, ಚಿಲಕದಲ್ಲಿ ಬೀಗ. ಒಳಗೆ ಹೊಲಿಗೆಯಂತ್ರ ಓಡುತ್ತಿತ್ತು. ಕಂಬಿ ಹಾಕಿದ ಕಿಟಕಿಯ ಬಳಿ ನಿಂತು ಪುಸ್ತಕದ ಕಚೇರಿಯಿಂದ ಬಂದಿದ್ದೇನೆ ಎಂದೆ. ಯಂತ್ರ ನಿಂತಿತು. ಮೂವತ್ತು ದಾಟಿಲ್ಲ ಅವಳಿಗೆ, ಹಣೆಯ ಮೇಲೆ ಕತ್ತರಿಸಿದ ದಾರದ ತುಂಡು ಅಂಟಿಕೊಂಡಿತ್ತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅರಮನೆಯವರು ಬಸ್ಸಿನಲ್ಲಿ ಬರುತ್ತಾರೆಂದು ಗೊತ್ತಿರಲಿಲ್ಲ ಎಂದು ನಕ್ಕಳು. ಪೆದ್ದಿ ಅಲ್ಲ ಕಣೇ ಅವಳು. ನಿನ್ನನ್ನೂ ನನ್ನನ್ನೂ ಕೂರಿಸಿ ಪಾಠ ಹೇಳುವಷ್ಟು ಚುರುಕು.

ರಾಜನೂ ಇಲ್ಲ ಮಣ್ಣೂ ಇಲ್ಲ, ಆ ಉತ್ತರ ಬರೆದವಳು ನಾನು, ನಿನ್ನ ಕಾಗದ ಪೂರ್ತಿ ಓದದೆ ಬರೆದೆ ಎಂದು ಅವಳಿಗೆ ಹೇಳಿದೆ. ಅವಳು ಯಂತ್ರದ ಡ್ರಾಯರಿನಿಂದ ನನ್ನ ಉತ್ತರ ತೆಗೆದಳು. ಎಷ್ಟು ಸಲ ಬಿಚ್ಚಿ ಮಡಿಸಿದ್ದಳೋ, ಮಡಿಕೆಗಳು ಹರಿದು, ಕಾಲರಿನ ಒಳಗೆ ಇಡುವ ದಪ್ಪ ಬಟ್ಟೆಯ ಪಟ್ಟಿ ಅಂಟಿಸಿ ಸರಿಮಾಡಿದ್ದಳು. ಅದನ್ನೂ ನನ್ನನ್ನೂ ನೋಡಿದಳು.

"ರಾಜ ಇಲ್ಲ ಅಂತ ನಂಗೂ ಗೊತ್ತು ಅಕ್ಕ," ಎಂದಳು. "ಬರೆದೋರು ಅಂತ ಯಾರೋ ಇದ್ದೇ ಇರ್ತಾರಲ್ಲ. ತಿಳಿದೋರು ಅಂದ್ಕೊಂಡಿದ್ದೆ."

ಅರಗಿಣಿ, ಹೋದ ತಿಂಗಳು ಫೋನಿನಲ್ಲಿ ಅವಳ ಮೊದಲ ಕಾಗದದ ವಿಷಯ ಎತ್ತಿದಾಗ ನೀನು ಏನಂದೆ ನೆನಪು ಮಾಡಿಕೋ. ಕಥೆ ಕಣೇ ಅದು, ಓದುವವರಿಗೆ ಕಥೆ ಯಾವುದು ಬದುಕು ಯಾವುದು ಗೊತ್ತಿರುತ್ತದೆ, ಹುಲಿ ಸವಾರಿಯ ಕಥೆ ಓದಿ ಯಾರೂ ಹುಲಿ ಹತ್ತಲು ಹೋಗುವುದಿಲ್ಲ ಎಂದೆ. ಅದಕ್ಕೆ ಉತ್ತರ ಈಗ ಹೇಳುತ್ತೇನೆ. ಹುಲಿ ಯಾರ ಮನೆಯಲ್ಲೂ ಇಲ್ಲ ಕಣೇ. ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುವವನು ಇದ್ದಾನೆ. ಅವನಿಗೆ ನೀನು ರೆಕ್ಕೆ ಹಚ್ಚಿದೆ, ನಾನು ಅಕ್ಷರ ತಿದ್ದಿದೆ.

ಪೊಲೀಸ್ ಠಾಣೆಗೂ ಹೋದೆ, ಹೋಗಲಿಲ್ಲ ಎಂದುಕೊಳ್ಳಬೇಡ. ಇಬ್ಬರು ಸಂಜೆ ನನ್ನ ಜೊತೆ ಬಂದರು. ಅಷ್ಟರಲ್ಲಿ ಅವನು ಮನೆ ಸೇರಿದ್ದ. ಬಾಗಿಲು ಹಾರುಹೊಡೆದಿತ್ತು. ಕುರ್ಚಿ ಹಾಕಿ ನೀರು ಕೊಟ್ಟ, ಸಣ್ಣ ದನಿಯವನು, ನನ್ನನ್ನೂ ಅಮ್ಮಾ ಎಂದ. ಕಳ್ಳರ ಭಯ, ನಾನೇ ಹೇಳಿ ಬೀಗ ಹಾಕಿಸಿಕೊಳ್ಳುತ್ತೇನೆ ಎಂದು ಅವಳು ಹೇಳಿದಳು. ಪೊಲೀಸರು ಬರೆದುಕೊಂಡು ಹೊರಟರು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಹಾಗೆ ಎಷ್ಟು ಸಲ ಹೇಳಿಲ್ಲ.

ಅಲ್ಲಿಂದಾಚೆಗೆ ಬುಧವಾರ ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಬರುತ್ತೇನೆ. ಹೆಂಗಸರ ಆಶ್ರಯಮನೆಯ ಫೋನ್ ನಂಬರ್ ಕಿಟಕಿಯಿಂದ ಕೊಟ್ಟಿದ್ದೇನೆ, ಯಂತ್ರದ ಕೆಳಗಿನ ಬಟ್ಟೆಯಡಿ ಇಟ್ಟಿದ್ದಾಳೆ. ಅಜ್ಜಿಯ ಕೈಲಿ ಫೋನ್ ಇದೆ, ಬೀಗ ಒಡೆಸಲು ಜನ ಇದ್ದಾರೆ, ಅವಳು ಹೂಂ ಅನ್ನಬೇಕು ಅಷ್ಟೇ. ಹೋದ ಸಲ ಒತ್ತಾಯ ಮಾಡಿದೆ. ಅವಳು, "ಕೊನೇ ಪುಸ್ತಕ ಬರ್ಲಿ ಅಕ್ಕ. ರಾಣಿ ಏನ್ಮಾಡ್ತಾಳೆ ಅಂತ ಓದಿ, ಆಮೇಲೆ ನೋಡ್ತೀನಿ," ಎಂದಳು. ರಾಣಿ ಏನು ಮಾಡುತ್ತಾಳೆಂದು ನನಗೆ ಗೊತ್ತಿತ್ತು, ಕರಡು ನನ್ನ ಚೀಲದಲ್ಲೇ ಇತ್ತು. ಇನ್ನೂ ಬಂದಿಲ್ಲ ಎಂದು ಸುಳ್ಳು ಹೇಳಿದೆ.

ನಿನ್ನ ರಾಣಿ ನದಿಯ ತನಕ ಓಡಿ ಬರುತ್ತಾಳೆ. ದೋಣಿ ಕಾದಿರುತ್ತದೆ. ನೆರಳರಸ ಮೊಣಕಾಲೂರಿ ಅಳುತ್ತಾನೆ. ಅವಳು ಹಿಂದಿರುಗಿ ಗೋಪುರದ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು 'ನಿನ್ನ ಸೆರೆಯೇ ನನ್ನ ಆಕಾಶ' ಎನ್ನುತ್ತಾಳೆ. ನಿಜ ಹೇಳಲೇ? ಆ ಸಾಲು ಓದಿದಾಗ ನನ್ನ ಕಣ್ಣಲ್ಲೂ ನೀರು ಬಂತು. ಎಲ್ಲ ಗೊತ್ತಿದ್ದೂ ಬಂತು. ನೀನು ಕೆಟ್ಟದಾಗಿ ಬರೆದಿದ್ದರೆ ನನಗೆ ಈ ಚಿಂತೆಯೇ ಇರುತ್ತಿರಲಿಲ್ಲ.

ಕಥೆಯೇ ಬೇಡ ಎನ್ನುತ್ತಿಲ್ಲ. ರೆಕ್ಕೆ ಇರಲಿ, ಗುಡುಗಿರಲಿ, ಅವನು ಬೇಕಾದಷ್ಟು ಅಳಲಿ. ಒಬ್ಬಂಟಿ ಹೆಂಗಸರಿಗೆ ಒಂದು ಸಂಜೆ ಕಳೆಯಲು ಇನ್ನೇನಿದೆ, ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ರಾಣಿ ಮಾತ್ರ ತಿರುಗದಿರಲಿ. ಅವನು ಅಳುತ್ತಿರುವಾಗಲೇ ದೋಣಿ ಹತ್ತಲಿ. ಎರಡು ಪುಟ ಸಾಕು, ನಿನಗೆ ಅದು ಒಂದು ಬೆಳಗಿನ ಕೆಲಸ.

ಕರಡು ಈ ಕಾಗದದ ಜೊತೆಗೇ ಇದೆ. ತಪ್ಪೆಲ್ಲ ತಿದ್ದಿದ್ದೇನೆ, ಒಂದು ಅಕ್ಷರವನ್ನೂ ನನ್ನದಾಗಿ ಸೇರಿಸಿಲ್ಲ. ಕೊನೆಯ ಪುಟದ ಕೆಳಗೆ 'ನೋಡಿದ್ದೇನೆ, ಅಚ್ಚಿಗೆ ಹೋಗಬಹುದು' ಎಂದು ನಾನು ರುಜು ಹಾಕುವ ಜಾಗ ಖಾಲಿ ಬಿಟ್ಟಿದ್ದೇನೆ. ಹೀಗೇ ಇದ್ದರೆ ಹಾಕುವುದಿಲ್ಲ. ಸೋಮವಾರದ ತನಕ ನೋಡಿ ಬೇರೆಯವರ ಕೈಲಿ ಹಾಕಿಸುತ್ತೇನೆ ಎಂದಿದ್ದಾರೆ ಮ್ಯಾನೇಜರ್. ನನ್ನ ಕೊಕ್ಕೆಗೆ ಅಷ್ಟೇ ಬಲ. ಉಳಿದದ್ದು ನಿನ್ನ ಕೈಯಲ್ಲಿದೆ.

ಇನ್ನು ಮೇಲೆ ನೆರಳರಸನ ಉತ್ತರ ಬರೆಯುವುದೂ ನನ್ನಿಂದಾಗದು. ಹಕ್ಕಿಯ ಮುದ್ರೆಯನ್ನು ಮ್ಯಾನೇಜರಿಗೆ ಒಪ್ಪಿಸಿದ್ದೇನೆ.

ಮುನಿಸಿಕೊಂಡರೂ ಊಟ ಬಿಡಬೇಡ. ನಿನ್ನ ಬೆನ್ನು ನೆಟ್ಟಗಿರಲಿ, ಕೈ ಓಡುತ್ತಿರಲಿ, ಮಕ್ಕಳ ಗಲಾಟೆಯಿಂದ ಮನೆ ತುಂಬಿರಲಿ. ನೀನು ಎಲ್ಲೇ ಇದ್ದರೂ ನಿನಗೆ ಒಳ್ಳೆಯದನ್ನೇ ಬಯಸುತ್ತೇನೆ.

ನಿನ್ನ,
ಕೊಕ್ಕೆ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದವಳು ಮತ್ತೆ ತೆಗೆದೆ. ಹೊಲಿಗೆಯವಳನ್ನು ಮುಂದೆ ನಿಲ್ಲಿಸಿ ನಾನು ಅವಳ ಹಿಂದೆ ಅಡಗಿಕೊಂಡ ಹಾಗಾಯಿತು.

ಮೊದಲ ಸಂಪುಟದ ಒಂಬತ್ತನೆಯ ಅಧ್ಯಾಯದಲ್ಲಿ ನೆರಳರಸ ರಾಣಿಯ ತೋಳು ಹಿಡಿಯುತ್ತಾನೆ, ಅವನ ಐದು ಬೆರಳು ಅವಳ ಮೈಮೇಲೆ ಐದು ನೀಲಿ ಎಸಳಾಗಿ ಅರಳುತ್ತವೆ. ಎಲ್ಲರೂ ಮೆಚ್ಚಿದ ಜಾಗ ಅದು. ಆ ತೋಳು ನನ್ನದು. ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ರವಿಕೆಯ ತೋಳು ಸರಿಸಿ ಗಂಡನ ಬೆರಳಿನ ಗುರುತು ನಿನಗೆ ತೋರಿಸಿದ್ದೆ, ಮೂರು ತಿಂಗಳಿಗೆ ಅದು ಕರಡಿನಲ್ಲಿ ನನ್ನ ಮುಂದೆ ಬಂತು. ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು, ಹಾಕಿದೆ. ಆ ಸಂಜೆ ಮನೆಗೆ ಹೋಗಿ ಕನ್ನಡಿಯಲ್ಲಿ ತೋಳು ನೋಡಿಕೊಂಡೆ. ಆಗ ಅಲ್ಲಿ ಬೇರೆ ಹೊಸ ಗುರುತಿತ್ತು. ಚೆನ್ನಾಗಿ ಕಂಡಿತು ಕಣೇ. ಆಮೇಲೆ ಆರು ವರ್ಷ ಅದೇ ಮನೆಯಲ್ಲಿದ್ದೆ.

ಇದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಒಂದೇ ಒಂದು. ಅವತ್ತು ಕ್ಯಾಂಟೀನಿಗೆ ನಾನು ಬಂದದ್ದು ತೋಳು ತೋರಿಸಲಿಕ್ಕಲ್ಲ. ಮೇಜಿನ ಕೆಳಗೆ ನನ್ನ ಕಾಲ ಬಳಿ ಚೀಲವಿತ್ತು, ಅದರಲ್ಲಿ ಎರಡು ಜೊತೆ ಬಟ್ಟೆ. ನಾಲ್ಕು ದಿನ ನಿನ್ನ ಮನೆಯಲ್ಲಿ ಇರಲೇ ಎಂದು ಕೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ನೀನು, "ಇರೇ ಇರೇ, ಅವನು ಹಿಡ್ಕೊಂಡಿದ್ದು ಹೇಗೆ, ಇನ್ನೊಂದ್ಸಲ ನಿಧಾನವಾಗಿ ಹೇಳು," ಎಂದು ನೋಟ್‌ಬುಕ್ ತೆಗೆದೆ. ನಾನು ನಿಧಾನವಾಗಿ ಹೇಳಿದೆ. ನೀನು ಬರೆದುಕೊಂಡೆ. ಆಮೇಲೆ ಚೀಲ ಎತ್ತಿಕೊಂಡು ಮನೆಗೆ ಹೋದೆ.