ಗುಡ್ಡದ ಹಾದಿ ಮುಚ್ಚಲಿಲ್ಲ, ಕಾಕಾ

ನನ್ನ ಹಾಲಿನ ಕಾಕಾ,

ನಿನ್ನ ಅಣ್ಣನ ಮಗಳು ನೀಲವ್ವ ಬರೆಯುತ್ತಿದ್ದೇನೆ. ನೀನಿದ್ದಾಗ ನಿನಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ನೀನು ಬೆನ್ನು ತಿರುಗಿಸಿಕೊಂಡು ಕ್ಯಾನು ತೊಳೆಯುತ್ತಲೇ "ಹೂಂ, ಮುಂದ ಓದ" ಅನ್ನುತ್ತಿದ್ದೆ. ಇದನ್ನೂ ಹಾಗೇ ಕೇಳು. ನೀನು ಹೋಗಿ ಎರಡು ಉಗಾದಿ ಆದವು. ಈಗ ಮೊದಲ ಸಲ ನನ್ನ ಎದೆ ಹಗುರಾಗಿದೆ, ಅದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಮನೆಯವರಿಗೆ ಹೇಳಿದರೆ "ಆತಲ್ಲ, ಇನ್ನ ರೊಟ್ಟಿ ಬಡಿ" ಅಂದರು.

ನನಗೆ ಸೈಕಲ್ ಕಲಿಸಿದ ದಿನ ನೆನಪಿದೆಯೇ? ಕಾಲುವೆಗೆ ಆಗತಾನೇ ನೀರು ಬಿಟ್ಟಿದ್ದರು. ಊರಿಗೆ ಊರೇ ದಂಡೆಯ ಮೇಲೆ ನಿಂತು ನೀರು ನೋಡುತ್ತಿದ್ದರೆ, ನಾನು ನಿನ್ನ ಸೈಕಲ್ಲಿನ ನಡುವಿನ ದಂಡಿಗೆಯ ಕೆಳಗೆ ಕಾಲು ತೂರಿಸಿ ದಂಡೆಯ ಗರಸಿನ, ಆ ಕೆಂಪು ಜಲ್ಲಿಮಣ್ಣಿನ, ಮೇಲೆ ಜಾರುತ್ತಿದ್ದೆ. ಅವ್ವ ಒಂದೇ ಸಮನೆ ಕೂಗುತ್ತಿದ್ದಳು: "ಹುಡುಗಿ ಕೆನಾಲಿನ್ಯಾಗ ಬಿದ್ರ ಯಾರ ತೆಗೀತಾರ?" ನೀನು ಹಿಂದಿನ ಸೀಟು ಹಿಡಿದು ಓಡುತ್ತ, "ಕಂಕರ್ ಮ್ಯಾಲ ಹ್ಯಾಂಡಲ್ ಬಿಗಿ ಹಿಡದ್ರ ಗಾಡಿ ಸಿಟ್ಟಿಗೇಳತದ. ಹಗರ ಹಿಡಿ, ಮಗಳ. ಕಣ್ಣ ನೀರಿನ ಮ್ಯಾಲ ಇಡಬ್ಯಾಡ, ಹಾದಿ ಮ್ಯಾಲ ಇಡು" ಅಂದೆ. ನಾನು ನೀರಿಗೆ ಬೀಳಲಿಲ್ಲ. ಇನ್ನೊಂದು ಮಗ್ಗುಲಿನ ಜಾಲಿಗಿಡದಲ್ಲಿ ಬಿದ್ದೆ. ಮುಳ್ಳು ತೆಗೆಯುವಾಗ ನೀನು ನಕ್ಕಿದ್ದಕ್ಕೆ ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ.

ಆಮೇಲೆ ನೀನು ಶಹಾಪುರದಲ್ಲಿ ವೆಲ್ಡಿಂಗ್ ಮಾಡಿಸಿ ಹ್ಯಾಂಡಲ್ಲಿನ ಎರಡೂ ತುದಿಗೆ ಪೈಪು ಕೂಡಿಸಿಕೊಂಡು ಬಂದೆ. ಕ್ಯಾನು ತೂಗು ಹಾಕಿದರೆ ಗರಸಿನ ಇಳಕಲಿನಲ್ಲಿ ಗಾಡಿ ಹೊಯ್ದಾಡುತ್ತದೆ, ಹ್ಯಾಂಡಲ್ ಅಗಲವಿದ್ದರೆ ಮಾತು ಕೇಳುತ್ತದೆ ಅಂತ ನಿನ್ನ ವಾದ. ಊರ ಅಗಸಿಬಾಗಿಲಲ್ಲಿ ಕೂತವರು ಸುಮ್ಮನಿರುತ್ತಾರೆಯೇ? "ಏನಲೇ, ಎತ್ತಿಗಿ ಕೊಂಬ ಹಚ್ಚಿದಂಗ ಮಾಡಿಸೀಯಲ್ಲ!" ನೀನು ನಿಲ್ಲಲೂ ಇಲ್ಲ. "ಕೊಂಬಿದ್ದ ಎತ್ತ ಹಾಯ್ತದ. ನಂದು ಹಾಲ ಕೊಡತದ" ಅಂದು ಹೊರಟುಹೋದೆ. ಗುಡ್ಡದ ಮೇಲೆ ಎರಡು ಬಂಡೆಗಳ ನಡುವೆ ದಾಟಬೇಕಾದಾಗ ಮಾತ್ರ ಇಳಿದು, ಅತ್ತ ಒಮ್ಮೆ ಇತ್ತ ಒಮ್ಮೆ ಬೆರಳಿಟ್ಟು ನೋಡುತ್ತಿದ್ದೆ. "ಎರಡೂ ಕಡಿಗಿ ಒಂದೊಂದ ಬೆರಳ ಸಂದಿ ಇದ್ರ ಸಾಕ, ಮನಿ ಮುಟ್ಟತೀವಿ."

ನಿನ್ನ ಆ ಹಾದಿಯೇ ನನ್ನ ಹೊಟ್ಟೆಪಾಡಿನ ಹಾದಿಯಾಯಿತು. ನೀನು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿಗೆ ಹಾಲು ಒಯ್ದ ದಾರಿಯಲ್ಲೇ ನಾನು ಅಲ್ಲಿಯ ಹೈಸ್ಕೂಲಿಗೆ ಪಾಠ ಹೇಳಲು ಹೋಗುತ್ತೇನೆ. ಮೊದಲು ಕಾಲುವೆ ದಂಡೆ, ಆಮೇಲೆ ಬೇವಿನ ನೆಡುತೋಪಿನ ನೆರಳು, ಆಮೇಲೆ ಉಸಿರು ಕಟ್ಟುವ ಆ ಏರು. ಮೇಲೆ ಬಂಡೆಗಳು, ಸೀತಾಫಲದ ಗಿಡಗಳು. ಅಲ್ಲಿಂದ ಪೆಡಲ್ ತುಳಿಯದೆ ಇಳಿದರೆ ಕ್ಯಾಂಪಿನ ಮನೆಗಳು ಕಾಣುತ್ತವೆ. ನನ್ನ ಹಿಂದೆ ನಮ್ಮೂರಿನ ಹುಡುಗಿಯರು ಬರುತ್ತಾರೆ. ಏರಿನಲ್ಲಿ ಎಲ್ಲರೂ ಇಳಿದು ತಳ್ಳುತ್ತೇವೆ, ಇಳಕಲಿನಲ್ಲಿ ಎಲ್ಲರೂ ಕೂಗುತ್ತೇವೆ. ನಾನೂ ಕೂಗುತ್ತೇನೆ. ಟೀಚರ್ ಆದರೇನು?

ಹೋದ ಮಳೆಗಾಲ ಮುಗಿದಾಗ ಒಂದು ದಿನ ಅರಣ್ಯ ಇಲಾಖೆಯವರು ನೆಡುತೋಪಿನ ಬಾಯಿಗೆ ಕಲ್ಲುಕಂಬ, ತಂತಿ, ಕಬ್ಬಿಣದ ಗೇಟು ತಂದು ಹಾಕಿದ್ದರು. ಯಾರೋ ಟ್ರ್ಯಾಕ್ಟರ್ ತಂದು ಗುಡ್ಡದ ಗರಸು ಹೊತ್ತೊಯ್ಯುತ್ತಿದ್ದರಂತೆ, ಸಸಿಗಳನ್ನು ದನ ತಿಂದು ಹಾಕಿದ್ದವಂತೆ. ಅದೂ ಸುಳ್ಳಲ್ಲ. ಆದರೆ ಹಾದಿ ಮುಚ್ಚಿದರೆ ನಮಗೆ ಉಳಿಯುವುದು ಸುರಪುರದ ಡಾಂಬರು ರಸ್ತೆ. ಭತ್ತದ ಲಾರಿ, ಹತ್ತಿಯ ಲಾರಿ, ಅವುಗಳ ಗಾಳಿಗೇ ಸೈಕಲ್ ತಗ್ಗಿಗೆ ಇಳಿಯುತ್ತದೆ. ಹುಡುಗಿಯರ ಅಪ್ಪಂದಿರು ಅವತ್ತೇ ಮನೆ ಮುಂದೆ ಬಂದು ನಿಂತರು. ರೇಣುಕಾಳ ಅಪ್ಪ ನೇರವಾಗಿ ಹೇಳಿದ: "ಅಕ್ಕೋರ, ಸಿಟ್ಟ ಮಾಡಬ್ಯಾಡ್ರಿ. ಗುಡ್ಡದ ಹಾದಿ ಇದ್ರ ಸಾಲಿ, ಇಲ್ಲಂದ್ರ ಮನಿ. ಲಾರಿ ನಡುವ ನಾ ನನ್ನ ಮಗಳನ್ನ ಬಿಡಂಗಿಲ್ರಿ." ನನಗೂ ಮಗಳಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ನೀನು ಯಾರ ಮುಂದೆಯೂ ಕೈ ಮುಗಿದವನಲ್ಲ. ನಾನು ಮುಗಿದೆ, ಕಾಕಾ. ನೆಡುತೋಪಿನ ಸಾಹೇಬರು ಮೈಸೂರು ಕಡೆಯವರು, ಒಳ್ಳೆಯವರೇ. "ನೀವು ಜಗಳ ಆಡ್ತಿದ್ದೀರಾ, ಮಾತಾಡ್ತಿದ್ದೀರಾ?" ಅಂತ ಕೇಳಿದರು. "ನಮ್ಮ ಕಡೆ ಎರಡೂ ಒಂದೇರಿ" ಅಂದೆ. ನಕ್ಕರು. ಕೊನೆಗೆ ಗೇಟಿನ ಪಕ್ಕದಲ್ಲಿ ಒಂದು ಸಂದಿ ಬಿಡಲು ಒಪ್ಪಿದರು. ಎರಡು ಕಂಬ, ಅವುಗಳ ಹಿಂದೆ ಅಡ್ಡಕ್ಕೆ ಇನ್ನೊಂದು. ಮುಂದಿನ ಗಾಲಿ ಎತ್ತಿ ಹೊರಳಿಸಿಕೊಂಡರೆ ಸೈಕಲ್ ದಾಟಬೇಕು, ಬೇರೇನೂ ದಾಟಬಾರದು. ಆದರೆ ಅವರು ಗೀಟು ಹಾಕಿದ ಅಗಲದಲ್ಲಿ ಬರಿಯ ಸೈಕಲ್ ಮಾತ್ರ ಹಿಡಿಸುತ್ತಿತ್ತು. ಹುಡುಗಿಯರ ಹ್ಯಾಂಡಲ್ಲಿಗೆ ಆ ಕಡೆ ಪುಸ್ತಕದ ಚೀಲ, ಈ ಕಡೆ ಬುತ್ತಿ. ದಿನಾ ಅದನ್ನೆಲ್ಲ ಬಿಚ್ಚಿ ಕಟ್ಟಿ ಸಾಲಿ ಮುಟ್ಟುವುದು ಯಾವಾಗ? "ತಡೀರಿ ಸಾಹೇಬ್ರ, ಒಂದ ಗಾಡಿ ತರತೀನಿ. ಅದು ದಾಟಿದ್ರ ಎಲ್ಲಾ ದಾಟತಾವ" ಅಂದು ಮನೆಗೆ ಬಂದೆ.

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ನಿನ್ನ ಕಂಬಳಿ, ಅಂಗಿ ಎಲ್ಲ ದಾನ ಕೊಟ್ಟರು. ಸೈಕಲ್ ಗುಜರಿಗೆ ಹಾಕೋಣ ಅಂದಾಗ ನಾನು ಅಡ್ಡ ಬಂದಿದ್ದೆ. ಅದು ದನದ ಕೊಟ್ಟಿಗೆಯ ಗೋಡೆಗೆ ತೂಗುಬಿದ್ದಿತ್ತು, ಹ್ಯಾಂಡಲ್ಲಿನ ಮೇಲೆ ಕೋಳಿ ಕೂರುತ್ತಿತ್ತು. ಇಳಿಸಿ, ಒರೆಸಿ, ಗಾಳಿ ಹಾಕಿಸಿ ತಳ್ಳಿಕೊಂಡು ಹೋದೆ. ನೆಡುತೋಪಿನ ಗಾರ್ಡ್ ಬಸಣ್ಣ ದೂರದಿಂದಲೇ ಎದ್ದು ನಿಂತ. "ಅಯ್ಯ, ಇದು ಹಾಲಿನ ಕಾಕಾನ ಗಾಡಿ ಅಲ್ಲೇನ್ರಿ? ನಾ ಸಣ್ಣವ ಇದ್ದಾಗ ಕ್ಯಾಂಪಿನ್ಯಾಗ ಇದರ ಬೆಲ್ ಕೇಳಿ ಗಿಂಡಿ ತಗೊಂಡ ಓಡಿ ಬರತಿದ್ದೆ." ಸಾಹೇಬರು ಮಾತ್ರ ಹುಬ್ಬು ಗಂಟು ಹಾಕಿದರು. "ಇಷ್ಟು ಅಗಲ ಬಿಟ್ಟರೆ ಎಮ್ಮೆಯೂ ಬರುತ್ತೆ, ಟೀಚರ್."

"ಬರತದೋ ಇಲ್ಲೋ ಎಮ್ಮೀನ್ನೇ ಕೇಳೂಣ್ರಿ" ಅಂದ ಬಸಣ್ಣ. ನಿಜವಾಗಿಯೂ ಕೇಳಿದರು, ಕಾಕಾ. ನಿನ್ನ ಹ್ಯಾಂಡಲ್ ಅಳತೆಗೆ ಕಂಬಗಳನ್ನು ನಿಲ್ಲಿಸಿ, ಕಾಲುವೆಯಲ್ಲಿ ಬಿದ್ದುಕೊಂಡಿದ್ದ ಒಂದು ಎಮ್ಮೆಯನ್ನು ಎಬ್ಬಿಸಿ ತಂದರು. ಸಂದಿಯ ಆ ಕಡೆ ಹತ್ತಿಕಾಳು ಸುರಿದು ಎಲ್ಲರೂ ಪಕ್ಕಕ್ಕೆ ಸರಿದು ನಿಂತೆವು. ಅದು ಒಳಗೆ ತಲೆ ಹಾಕಿತು. ಅಡ್ಡ ಕಂಬವನ್ನು ಮೂಸಿತು. ನಾಲ್ಕು ಹುಡುಗಿಯರ ಸಾಲಿ ಆ ಎಮ್ಮೆಯ ಸೊಂಟದ ಮೇಲೆ ನಿಂತಿತ್ತಲ್ಲ. ಹೊಟ್ಟೆ ಸಿಕ್ಕಿತು, ಮೈ ಹೊರಳಲಿಲ್ಲ. ಹಿಂದೆ ಸರಿದು, ನಮ್ಮೆಲ್ಲರ ಮೇಲೆ ಕೆಸರು ಸಿಡಿಸಿ, ಮತ್ತೆ ಹೋಗಿ ನೀರಿನಲ್ಲಿ ಬಿದ್ದುಕೊಂಡಿತು. ಸಾಹೇಬರು ಪ್ಯಾಂಟು ಒರೆಸಿಕೊಳ್ಳುತ್ತ, "ಸರಿ, ಕಾಂಕ್ರೀಟ್ ಹಾಕಿ" ಅಂದರು. ನಾನು ಅಲ್ಲೇ ಗರಸಿನ ಮೇಲೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ನಿರಾಳಕ್ಕೆ.

ಹೋದ ಭಾನುವಾರದ ಒಂದು ಮಾತು ಹೇಳಲು ಮರೆತಿದ್ದೆ. ಯಾದಗಿರಿಯಿಂದ ಕೆಲವರು ದಪ್ಪ ಟಾಯರಿನ ಸೈಕಲ್ಲಿನ ಮೇಲೆ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಸುರಪುರದ ತನಕ ಗರಸು ಹಾದಿ ಹಿಡಿದೇ ಹೋಗಲು ಬಂದಿದ್ದರು. ಡಾಂಬರು ಬಿಟ್ಟು ಕಲ್ಲುಹಾದಿಯನ್ನೇ ಹುಡುಕಿಕೊಂಡು ಬರುತ್ತಾರಂತೆ, ಖುಷಿಗೆ! ಅವರ ಸೈಕಲ್ಲಿನ ಹ್ಯಾಂಡಲ್ ನೋಡಿದೆ. ತುದಿಗಳು ಹೊರಕ್ಕೆ ಚಾಚಿಕೊಂಡಿದ್ದವು. ಯಾಕೆ ಹೀಗೆ ಅಂತ ಕೇಳಿದೆ. "ಗರಸಿನ ಮ್ಯಾಲ ಗಾಡಿ ಮಾತ ಕೇಳತದ್ರಿ" ಅಂದನೊಬ್ಬ. ಅಗಸಿಯವರು ಇದನ್ನು ಕೇಳಬೇಕಿತ್ತು, ಅಲ್ಲವೇ?

ಇವತ್ತು ಮುಂಜಾನೆ ಹುಡುಗಿಯರು ಹೊಸ ಸಂದಿ ದಾಟಿದರು, ಚೀಲ ಬಿಚ್ಚಲಿಲ್ಲ, ಬುತ್ತಿ ಬಿಚ್ಚಲಿಲ್ಲ. ರೇಣುಕಾಳ ಅಪ್ಪ ನೋಡಲು ಬಂದಿದ್ದ. ಮಗಳು ಬೇವಿನ ನೆರಳಿನಲ್ಲಿ ಮರೆಯಾಗುವ ತನಕ ನಿಂತು, "ಸಂಜಿಗಿ ಬೆಲ್ ಹೊಡೀರಿ ಅಕ್ಕೋರ, ಚಾ ಕುಡದ ಹೋಗೀರಂತ" ಅಂದು ಹೊಲಕ್ಕೆ ಹೋದ. ಈ ಸಂದಿ ಇಷ್ಟೇ ಯಾಕೆ ಅಂತ ಮುಂದೆ ಯಾರಾದರೂ ಕೇಳಿದರೆ, ಇದು ಹಾಲಿನ ಕಾಕಾನ ಹ್ಯಾಂಡಲ್ಲಿನ ಅಳತೆ ಅಂತ ಹೇಳುತ್ತೇನೆ.

ಎಲ್ಲರೂ ದಾಟಿದ ಮೇಲೆ ನಿನ್ನ ಸೈಕಲ್ ಒಳಗೆ ನಿಲ್ಲಿಸಿ, ಅತ್ತ ಒಮ್ಮೆ ಇತ್ತ ಒಮ್ಮೆ ಬೆರಳಿಟ್ಟು ನೋಡಿದೆ. ಒಂದೊಂದು ಬೆರಳಿನ ಸಂದಿ ಇದೆ, ಕಾಕಾ.

ನಿನ್ನ ನೀಲವ್ವ