ನಾಲ್ಕನೇ ಪುಟದ ಪಟ್ಟಿ

ಅಪ್ಪನಿಗೆ ನಮಸ್ಕಾರ.

ಸನ್ಮಾನದ ಆಹ್ವಾನ ಪತ್ರಿಕೆ ತಲುಪಿತು. ಕಿವಿ, ನುಡಿ, ಮನಸ್ಸು, ಈ ಮೂರೂ ಶಾಸ್ತ್ರದವರು ನಿಮ್ಮ ಲೇಖನವನ್ನು ಒಂಬೈನೂರು ಸಲ ಉಲ್ಲೇಖಿಸಿದ್ದಾರಂತೆ. ನಲವತ್ತು ವರ್ಷ ತಡವಾಗಿ, ನಿಘಂಟು ಹಿಡಿದುಕೊಂಡು ನಾನೂ ಅದನ್ನು ಓದಿದೆ.

ಅದರಲ್ಲಿ ಬರುವ 'ಮಗು ಒಂದು' ನಾನೇ ಎಂದು ಅಮ್ಮ ಹೇಳಿದಳು. ಆರನೇ ವರ್ಷಕ್ಕೆ ನನ್ನ ಕಿವಿ ಮಂದವಾದಾಗ ಅವಳು, "ಕಿವಿಗೆ ಮೆಷಿನ್ ಹಾಕಿಸ್ರೀ, ಕೂಗಿದ್ರೂ ತಿರುಗಲ್ಲ ಮಗು" ಎಂದು ಅತ್ತಳಂತೆ. ನೀವು, "ತಡಿಯೇ, ಈಗ ಹಾಕಿಸಿದ್ರೆ ಸಂಶೋಧನೆ ಕೆಡುತ್ತೆ" ಎಂದಿರಂತೆ. ಹದಿನಾಲ್ಕು ತಿಂಗಳು ನನ್ನ ಮಾತು ಒಂದೊಂದಾಗಿ ಉದುರಿದ್ದನ್ನು ದಿನಾಂಕ ಹಾಕಿ ಬರೆದುಕೊಂಡಿರಿ. ನಾಲ್ಕನೇ ಪುಟದಲ್ಲಿ ಆ ಪಟ್ಟಿಯಿದೆ. ಮೊದಲು ಹೋದದ್ದು 'ಸೂಜಿ', ಕೊನೆಗೆ 'ಅಪ್ಪ'. ಹೆಸರು ನಿಮ್ಮದಾಯಿತು, ತೊದಲು ನನ್ನದಾಯಿತು.

ವೇದಿಕೆಯಲ್ಲಿ ನಾನೂ ನಾಲ್ಕು ಮಾತಾಡಬೇಕೆಂದು ಕೇಳಿದ್ದೀರಿ. ಬರುತ್ತೇನೆ. ಮುಂದಿನ ಸಾಲಿನಲ್ಲಿ ಜಾಗ ಇಡಿಸಿ. ನಿಮ್ಮ ತುಟಿ ನೋಡಿಯೇ ನಾನು ಭಾಷಣ ತಿಳಿಯಬೇಕು, ಮೀಸೆ ಸ್ವಲ್ಪ ಕತ್ತರಿಸಿಕೊಳ್ಳಿ.

ನಾನು ಆ ಪಟ್ಟಿಯನ್ನೇ ಓದುತ್ತೇನೆ. ಸಭಿಕರಿಗೆ ಪೆನ್ನು ಕೊಡಿಸಿ, ಹೊಸ ಲೇಖನಕ್ಕೆ ಆದೀತು. 'ಸೂಜಿ' ಇವತ್ತಿಗೂ ನಾಲಿಗೆಗೆ ಬಂದಿಲ್ಲ. 'ಅಪ್ಪ' ಚೆನ್ನಾಗಿಯೇ ಬರುತ್ತದೆ. ಬಂದರೂ ಅದೊಂದನ್ನು ಬಿಟ್ಟು ಓದುತ್ತೇನೆ.

ಇಂತಿ,
ಮಗು ಒಂದು